ಹತ್ತರಲ್ಲೊಂದು ಪಂಜರ: ರಿಮೋಟ್ ಕಾರಿಗೆ ರೋಲ್ ಕೇಜ್ ಕಟ್ಟುವ ಪಾಠ



ಚಳಿಗಾಲ ಬಂತೆಂದರೆ ದೋಹಾದ ಅರ್ಧ ಜನ ಶುಕ್ರವಾರ ಸೀಲೈನ್ ಕಡೆ ಮುಖ ಮಾಡುತ್ತಾರೆ. ಮೆಸಾಯಿದ್ ದಾಟಿದ ಮೇಲೆ ಡಾಂಬರು ಮುಗಿಯುತ್ತದೆ, ಮರಳು ಗುಡ್ಡ ಶುರುವಾಗುತ್ತದೆ. ಟೈರಿನ ಗಾಳಿ 15-18 ಪೌಂಡಿಗೆ ಇಳಿಸಿಕೊಂಡು, ಖೋರ್ ಅಲ್ ಉದೈದ್‌ವರೆಗೆ ಏರಿ ಇಳಿದು ಬರುವುದು ನಮ್ಮಲ್ಲಿ ಅನೇಕರಿಗೆ ಅಭ್ಯಾಸವಾಗಿಬಿಟ್ಟಿದೆ. ಊರಿನಲ್ಲಿ ಜಾತ್ರೆಗೆ ಹೋದ ಹಾಗೆ.

ಕಳೆದ ಚಳಿಗಾಲ ನಮ್ಮ ಕಟ್ಟಡದ ಒಬ್ಬ ಹುಡುಗ ಅಲ್ಲಿ ಬಾಡಿಗೆಯ ಬಗ್ಗಿಯಲ್ಲಿ ಹೋಗಿ ಪಲ್ಟಿಯಾದ. ಬಗ್ಗಿಗೆ ಏನೂ ಆಗಲಿಲ್ಲ, ಅದರ ಕಬ್ಬಿಣದ ಪಂಜರ ಹಾಗೇ ಇತ್ತು. ಹುಡುಗನ ಭುಜದ ಮೂಳೆ ಮಾತ್ರ ಮುರಿಯಿತು. ಇದಾದ ಮೂರನೇ ವಾರಕ್ಕೇ 11ನೇ ತರಗತಿಯ ನನ್ನ ಮಗ ಬಂದು, "ಅಪ್ಪಾ, ಫ್ರೆಂಡ್ಸ್ ಎಲ್ಲ ಬಗ್ಗಿ ಓಡ್ಸೋಕೆ ಹೋಗ್ತಿದಾರೆ, ನಾನೂ ಹೋಗ್ಲಾ?" ಎಂದ. ಬೇಡ ಎಂದೆ. "ರೋಲ್ ಕೇಜ್ ಇರತ್ತಲ್ಲಪ್ಪಾ, ಏನಾಗತ್ತೆ?" ಎಂದ.

ನೋಡಿ, ಹದಿನಾರರ ಹುಡುಗನಿಗೆ ಬೇಡ ಎನ್ನುವುದು ಸುಲಭ. ಯಾಕೆ ಬೇಡ ಎಂದು ಒಪ್ಪಿಸುವುದು ಕಷ್ಟ. ನಾನು ಹಾಸನದ ಒಂದು ಗ್ಯಾರೇಜಿನಲ್ಲಿ ಬೆಳೆದವನು. ನಮ್ಮಪ್ಪ ಯಾವುದನ್ನೂ ಬಾಯಲ್ಲಿ ಹೇಳಿಕೊಡುತ್ತಿರಲಿಲ್ಲ, ಸ್ಪ್ಯಾನರ್ ಕೈಗೆ ಕೊಡುತ್ತಿದ್ದರು. ಅದೇ ದಾರಿ ಹಿಡಿದೆ. ಬಾಲ್ಕನಿಯ ಮೂಲೆಯಲ್ಲಿ ಮಗನ ಹಳೆಯ ರಿಮೋಟ್ ಕಾರೊಂದು ಬಿದ್ದಿತ್ತು, ಹತ್ತರಲ್ಲೊಂದು ಅಳತೆಯದು. ಪ್ಲಾಸ್ಟಿಕ್ ಮೈ ಒಡೆದು ಚೂರಾಗಿತ್ತು. "ಇದಕ್ಕೆ ನಾವೇ ಒಂದು ರೋಲ್ ಕೇಜ್ ಕಟ್ಟೋಣ. ಕಟ್ಟಿದ ಮೇಲೆ ಹೋಗೋ ವಿಷಯ ಮಾತಾಡೋಣ" ಎಂದೆ. ಒಪ್ಪಿದ. ಆರನೇ ತರಗತಿಯ ಮಗಳು ಕರೆಯದೇ ಬಂದು ಸೇರಿಕೊಂಡಳು. ಆರು ಶುಕ್ರವಾರ ಹಿಡಿದ ಆ ಕೆಲಸದ ವಿವರ ಇದು. ಮನೆಯಲ್ಲಿ ಮಕ್ಕಳಿರುವವರು ತಾವೂ ಮಾಡಿ ನೋಡಬಹುದು.

ಮೊದಲು ಸ್ವಲ್ಪ ಹಿನ್ನೆಲೆ

ರೋಲ್ ಕೇಜ್ ಎಂದರೆ ಗಾಡಿ ಮಗುಚಿದಾಗ ಒಳಗಿನವರ ಜಾಗ ಕುಗ್ಗದಂತೆ ಕಾಯುವ ಕೊಳವೆಗಳ ಪಂಜರ. 2011ರಲ್ಲಿ ಡಾಕರ್ ರ‍್ಯಾಲಿಯನ್ನು ಮೊದಲ ಬಾರಿ ಗೆದ್ದ, ಆಮೇಲೆ ಮತ್ತೆ ಮತ್ತೆ ಗೆದ್ದ ಕತಾರಿನ ನಾಸರ್ ಅಲ್ ಅತಿಯಾ ಕೂರುವ ಕಾರಿನಲ್ಲೂ, ನಮ್ಮ ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುದಾರಿಯಲ್ಲಿ ಓಡುವ ರ‍್ಯಾಲಿ ಕಾರುಗಳಲ್ಲೂ ಇದು ಕಡ್ಡಾಯ. ಅಂತರರಾಷ್ಟ್ರೀಯ ನಿಯಮದಲ್ಲಿ ಸೀಟಿನ ಹಿಂದಿನ ಮುಖ್ಯ ಕಮಾನಿಗೆ 45 ಮಿಲಿಮೀಟರ್ ದಪ್ಪದ, ಎರಡೂವರೆ ಮಿಲಿಮೀಟರ್ ಗೋಡೆಯ ಕೊಳವೆ, ಇಲ್ಲವೇ 50 ಮಿಲಿಮೀಟರ್ ದಪ್ಪದ, 2 ಮಿಲಿಮೀಟರ್ ಗೋಡೆಯ ಕೊಳವೆ ಬೇಕು ಎಂದಿದೆ. 2007ರಲ್ಲಿ ಮಧ್ಯಪ್ರದೇಶದ ಪೀಥಂಪುರದಲ್ಲಿ ಶುರುವಾದ ಬಾಹಾ ಸ್ಪರ್ಧೆಗೆ ಕರ್ನಾಟಕದ ಎಂಜಿನಿಯರಿಂಗ್ ಕಾಲೇಜು ಹುಡುಗರೂ ತಾವೇ ಬಗ್ಗಿ ಕಟ್ಟಿಕೊಂಡು ಹೋಗುತ್ತಾರೆ. ಅಲ್ಲೂ ಪರೀಕ್ಷಕರು ಮೊದಲು ನೋಡುವುದರಲ್ಲಿ ಕೇಜ್ ಒಂದು.

ಇನ್ನು ರೇಡಿಯೋ ನಿಯಂತ್ರಣ. ಜಪಾನಿನ ತಮಿಯಾ ಕಂಪನಿ ತನ್ನ ಮೊದಲ ರೇಡಿಯೋ ಕಾರನ್ನು ಮಾರುಕಟ್ಟೆಗೆ ತಂದದ್ದು 1976ರಲ್ಲಿ. ಆದರೆ ಕತಾರಿನಲ್ಲಿ ಇದಕ್ಕೆ ಆಟಕ್ಕಿಂತ ದೊಡ್ಡ ಕತೆಯೊಂದಿದೆ. ಅಲ್ ಶಹಾನಿಯಾದ ಒಂಟೆ ಓಟ ನೀವು ನೋಡಿರಬಹುದು. ಹಿಂದೆ ಒಂಟೆಯ ಮೇಲೆ ಪುಟ್ಟ ಮಕ್ಕಳನ್ನು ಕೂರಿಸುತ್ತಿದ್ದರು. ಬಿದ್ದು ಕೈಕಾಲು ಮುರಿದುಕೊಂಡ ಮಕ್ಕಳೆಷ್ಟೋ. 2005ರಲ್ಲಿ ಅದು ನಿಂತು, ಆ ಜಾಗಕ್ಕೆ ರೇಡಿಯೋ ನಿಯಂತ್ರಣದ ರೋಬೋ ಸವಾರರು ಬಂದರು. ಈಗ ಮಾಲೀಕರು ಪಕ್ಕದ ರಸ್ತೆಯಲ್ಲಿ ಜೀಪಿನಲ್ಲಿ ಓಡುತ್ತ ರಿಮೋಟಿನಿಂದ ಚಾಟಿ ಬೀಸುತ್ತಾರೆ. ಮಕ್ಕಳ ಜೀವ ಉಳಿಸಿದ ರಿಮೋಟ್ ಅದು. ಈ ಕತೆ ಹೇಳಿದಾಗ ಮಗ ಸ್ವಲ್ಪ ಹೊತ್ತು ಸುಮ್ಮನಿದ್ದ.

ಒಂದನೇ ಶುಕ್ರವಾರ: ಸ್ಟ್ರಾ ಮತ್ತು ಓರೆಗೋಲು

ಲೋಹಕ್ಕೆ ಕೈ ಹಾಕುವ ಮುಂಚೆ ಜ್ಯೂಸ್ ಕುಡಿಯುವ ಸ್ಟ್ರಾಗಳಿಂದ ಮಾದರಿ ಮಾಡಿ. ಎರಡು ಕಮಾನು (ಮುಂದೊಂದು, ಹಿಂದೊಂದು), ಅವನ್ನು ಜೋಡಿಸುವ ಎರಡು ಮೇಲ್ಕೋಲು, ಕೆಳಗೆ ಎರಡು ಅಡಿಕೋಲು. ಮಗ ಅಷ್ಟು ಮಾಡಿ ಟೇಪ್ ಸುತ್ತಿ, "ಮುಗೀತು" ಎಂದ. ಮೇಲೆ ಒಂದು ಬೆರಳಿಟ್ಟು ಪಕ್ಕಕ್ಕೆ ತಳ್ಳಿದೆ. ಬೆಂಕಿಪೊಟ್ಟಣದ ಹಾಗೆ ಮಡಚಿಕೊಂಡು ಮಲಗಿತು.

ಊರಿನಲ್ಲಿ ಮದುವೆ ಚಪ್ಪರ ಹಾಕುವವರನ್ನು ನೆನಪಿಸಿಕೊಳ್ಳಿ. ನಾಲ್ಕು ಕಂಬ ನೆಟ್ಟು ಮೇಲೆ ಗಳ ಕಟ್ಟಿದ ಮೇಲೆ, ಮೂಲೆಯಿಂದ ಮೂಲೆಗೆ ಒಂದು ಓರೆಗೋಲು ಕಟ್ಟದೆ ಅವರು ಕೆಳಗಿಳಿಯುವುದಿಲ್ಲ. ಕಾರಣ ಸರಳ. ನಾಲ್ಕು ಕಡ್ಡಿಯ ಚೌಕ ಕಡ್ಡಿ ಮುರಿಯದೆಯೂ ಆಕಾರ ಬದಲಿಸುತ್ತದೆ. ಮೂರು ಕಡ್ಡಿಯ ತ್ರಿಕೋನ ಕಡ್ಡಿ ಮುರಿಯುವ ಅಥವಾ ಬಾಗುವ ತನಕ ಆಕಾರ ಬಿಡುವುದಿಲ್ಲ. ಹಿಂದಿನ ಕಮಾನಿಗೆ ಒಂದು ಓರೆಗೋಲು, ಛಾವಣಿಗೆ ಒಂದು, ಕಮಾನಿನಿಂದ ಷಾಸಿಯ ಹಿಂತುದಿಗೆ ಎರಡು ಊರೆ ಕೊಟ್ಟೆವು. ಅದೇ ಸ್ಟ್ರಾ, ಅದೇ ಟೇಪ್, ಮೇಲೆ ಒಂದು ದಪ್ಪ ಪುಸ್ತಕ ಇಟ್ಟರೂ ನಿಂತಿತು.

ಮಾದರಿ ಸರಿಹೋದ ಮೇಲೆ ಸ್ಟ್ರಾಗಳ ಉದ್ದ ಅಳೆದು ಕೂಡಿಸಿ. ನಮಗೆ 3.2 ಮೀಟರ್ ಬಂತು.

ಎರಡನೇ ಶುಕ್ರವಾರ: ಸಲಾಕೆಯೋ ಕೊಳವೆಯೋ?

ಸನಯ್ಯಾದ ಅಂಗಡಿಯಲ್ಲಿ ಮಗ 5 ಮಿಲಿಮೀಟರಿನ ಗಟ್ಟಿ ಉಕ್ಕಿನ ಸಲಾಕೆ ಕೈಗೆತ್ತಿಕೊಂಡ. "ಇದೇ ಸ್ಟ್ರಾಂಗು" ಎಂದ. ಲೆಕ್ಕ ಹಾಕು ಎಂದೆ. ಅದು ಮೀಟರಿಗೆ ಸುಮಾರು 154 ಗ್ರಾಂ ತೂಗುತ್ತದೆ, ಅಂದರೆ 3.2 ಮೀಟರಿಗೆ ಹತ್ತಿರ ಹತ್ತಿರ ಅರ್ಧ ಕಿಲೋ. ಇಡೀ ಕಾರಿನ ತೂಕವೇ 2.2 ಕಿಲೋ!

ಹಾಗಾದರೆ 3 ಮಿಲಿಮೀಟರಿನ ಸಪೂರ ಸಲಾಕೆ? ಇಲ್ಲೊಂದು ಸೊಗಸಾದ ಲೆಕ್ಕವಿದೆ, ಮಕ್ಕಳ ಹತ್ತಿರ ಮಾಡಿಸಿ. ಹೊರಗೆ 5, ಒಳಗೆ 4 ಮಿಲಿಮೀಟರ್ ಇರುವ ಟೊಳ್ಳು ಕೊಳವೆಯಲ್ಲಿ ಎಷ್ಟು ಲೋಹ ಇದೆ? ವಿಸ್ತೀರ್ಣ ವ್ಯಾಸದ ವರ್ಗಕ್ಕೆ ತಕ್ಕಂತೆ. 25ರಿಂದ 16 ಕಳೆದರೆ 9. ಮೂರರ ವರ್ಗವೂ 9! ಅಂದರೆ ಆ ಕೊಳವೆಯಲ್ಲೂ 3 ಮಿಲಿಮೀಟರಿನ ಗಟ್ಟಿ ಸಲಾಕೆಯಲ್ಲೂ ಇರುವ ಲೋಹ ಒಂದೇ. ಶಾಲೆಯಲ್ಲಿ ಕಲಿತ 3-4-5 ಇಲ್ಲಿ ಬಂತು ನೋಡಿ. ಆದರೆ ಬಾಗದೆ ತಡೆಯುವ ಬಿಗುವು ವ್ಯಾಸದ ನಾಲ್ಕನೇ ಘಾತಕ್ಕೆ ತಕ್ಕಂತೆ. 625ರಿಂದ 256 ಕಳೆದರೆ 369. ಮೂರರ ನಾಲ್ಕನೇ ಘಾತ ಬರೀ 81. ಅಷ್ಟೇ ಲೋಹ, ಅಷ್ಟೇ ತೂಕ, ಬಿಗುವು ಮಾತ್ರ ನಾಲ್ಕೂವರೆ ಪಟ್ಟು. ಬಿದಿರು ಟೊಳ್ಳಾಗಿದ್ದೂ ಗಾಳಿಗೆ ನಿಲ್ಲುವ ಗುಟ್ಟು ಇದೇ.

ಹಾಗಾಗಿ 5 ಮಿಲಿಮೀಟರಿನ ಹಿತ್ತಾಳೆ ಕೊಳವೆ, ಮೀಟರ್ ಉದ್ದದ್ದು ನಾಲ್ಕು ತಂದೆವು. ಮೀಟರಿಗೆ 60 ಗ್ರಾಂ. ಹತ್ತರಲ್ಲೊಂದು ಅಳತೆಗೆ ರ‍್ಯಾಲಿ ಕಾರಿನ 50 ಮಿಲಿಮೀಟರಿಗೂ ಸರಿಹೊಂದಿತು. ಹಿತ್ತಾಳೆಯೇ ಯಾಕೆಂದರೆ ಫ್ಲ್ಯಾಟಿನಲ್ಲಿ ವೆಲ್ಡಿಂಗ್ ಮಾಡಲಾಗದು, ಹಿತ್ತಾಳೆಗಾದರೆ ಬೆಸುಗೆ ಸುಲಭವಾಗಿ ಹಿಡಿಯುತ್ತದೆ.

ಮೂರನೇ ಶುಕ್ರವಾರ: ಬಗ್ಗಿಸುವ ವಿದ್ಯೆ

ಕೊಳವೆಯನ್ನು ಹಾಗೇ ಬಗ್ಗಿಸಿದರೆ ಮಡಿಕೆಯಲ್ಲಿ ಚಪ್ಪಟೆಯಾಗುತ್ತದೆ. ಚಪ್ಪಟೆಯಾದ ಜಾಗ ಮೊದಲು ಮುರಿಯುತ್ತದೆ. ಇದಕ್ಕೆ ಎರಡು ಉಪಾಯ.

ಒಂದು, ಕಾಯಿಸಿ ಮೆತ್ತಗೆ ಮಾಡುವುದು. ಬಾಗಬೇಕಾದ ಜಾಗವನ್ನು ಗ್ಯಾಸ್ ಒಲೆಯ ಉರಿಯಲ್ಲಿ, ಅಡುಗೆಮನೆ ದೀಪ ಆರಿಸಿಕೊಂಡು, ಮಂದ ಕೆಂಪು ಕಾಣುವ ತನಕ ಕಾಯಿಸಿ ಆರಲು ಬಿಡಿ. ಇದು ದೊಡ್ಡವರ ಕೆಲಸ, ಮಕ್ಕಳ ಕೈಗೆ ಕೊಡಬೇಡಿ. ಎರಡು, ಪೂರ್ತಿ ಆರಿದ ಮೇಲೆ ಕೊಳವೆಯೊಳಗೆ ಒಣ ಮರಳು ಗಿಡಿದು ತುಂಬಿ, ಎರಡೂ ತುದಿಗೆ ಬೆಣೆ ಹೊಡೆಯುವುದು. ಒಳಗೆ ಮರಳಿದ್ದರೆ ಗೋಡೆ ಕುಸಿಯಲು ಜಾಗವಿಲ್ಲ. ಈ ದೇಶದಲ್ಲಿ ಮರಳಿಗೇನು ಬರ? ಆದರೆ ಮರಳು ತುಂಬಿದ ಕೊಳವೆಯನ್ನು ಎಂದೂ ಉರಿಗೆ ಹಿಡಿಯಬೇಡಿ. ಒಳಗೆ ಸ್ವಲ್ಪ ತೇವವಿದ್ದರೂ ಆವಿಯಾಗಿ ಬೆಣೆ ಗುಂಡಿನ ಹಾಗೆ ಹಾರುತ್ತದೆ.

ಬಗ್ಗಿಸಲು ಅಚ್ಚು ಬೇಕಲ್ಲ? ಕೊಳವೆಯ ವ್ಯಾಸದ ನಾಲ್ಕು ಪಟ್ಟಾದರೂ ತ್ರಿಜ್ಯ ಇರಬೇಕು, ಅಂದರೆ 20 ಮಿಲಿಮೀಟರ್. ನನ್ನಾಕೆಯ ಲಟ್ಟಣಿಗೆ ಸರಿಯಾಗಿ 40 ಮಿಲಿಮೀಟರ್ ದಪ್ಪ ಇತ್ತು. ಆ ವಾರ ನಮ್ಮನೆಯಲ್ಲಿ ಚಪಾತಿ ಬದಲು ಉಪ್ಪಿಟ್ಟು. "ಕಾರಿಗೆ ಪಂಜರ ಆಗ್ಲಿ, ನನ್ನ ಲಟ್ಟಣಿಗೆ ವಾಪಸ್ ಬರ್ಲಿ" ಎಂದು ಆಕೆ ತಾಕೀತು ಮಾಡಿದ್ದನ್ನು ಇಲ್ಲಿ ದಾಖಲಿಸಲೇಬೇಕು.

ನಾಲ್ಕನೇ ಶುಕ್ರವಾರ: ಬೆಸುಗೆ

ನಮ್ಮ ಮೊದಲ ಬೆಸುಗೆಗಳು ಕೈಯಲ್ಲಿ ಹಿಡಿದೊಡನೆ ಕಳಚಿಕೊಂಡವು. ತಪ್ಪು ನನ್ನದೇ. ಒಂದು ಕೊಳವೆಯ ನೆಟ್ಟಗೆ ಕತ್ತರಿಸಿದ ತುದಿಯನ್ನು ಇನ್ನೊಂದರ ದುಂಡು ಮೈಗೆ ಹಾಗೇ ಒತ್ತಿ ಬೆಸೆದಿದ್ದೆ. ಎರಡು ಚುಕ್ಕೆಯಲ್ಲಿ ಮಾತ್ರ ತಾಗುತ್ತಿತ್ತು. ಸರಿಯಾದ ಕ್ರಮ ಹೀಗೆ:

1. ತುದಿಯನ್ನು ದುಂಡು ಅರದಿಂದ ಮೀನಿನ ಬಾಯಿಯ ಹಾಗೆ ಕೊರೆಯಿರಿ. ಇನ್ನೊಂದು ಕೊಳವೆ ಅದರೊಳಗೆ ತಬ್ಬಿಕೊಂಡಂತೆ ಕೂರಬೇಕು, ಬೆಳಕು ನುಸುಳಬಾರದು.
2. ಎರಡೂ ಕಡೆ ಮರಳು ಕಾಗದದಿಂದ ಹೊಳೆಯುವ ತನಕ ಉಜ್ಜಿ. ಆಮೇಲೆ ಬೆರಳು ಮುಟ್ಟಿಸಬೇಡಿ, ಜಿಡ್ಡಿಗೆ ಬೆಸುಗೆ ಹಿಡಿಯದು.
3. ಮರದ ಹಲಗೆಯ ಮೇಲೆ ಚಿತ್ರ ಬರೆದು, ಮೊಳೆ ಹೊಡೆದು, ಕೊಳವೆಗಳನ್ನು ಅಲುಗದಂತೆ ನಿಲ್ಲಿಸಿ.
4. ಕೂಡುವ ಜಾಗಕ್ಕೆ ಸಪೂರ ತಾಮ್ರದ ತಂತಿ ನಾಲ್ಕೈದು ಸುತ್ತು ಬಿಗಿಯಿರಿ. ಬೆಸುಗೆ ಅದರೊಳಗೆ ಹರಿದು ಹಗ್ಗ ಕಟ್ಟಿದಷ್ಟು ಬಲ ಬರುತ್ತದೆ.
5. ಫ್ಲಕ್ಸ್ ಹಚ್ಚಿ, 100 ವಾಟಿನ ಕಬ್ಬಿಣದಿಂದ ಕೊಳವೆಯನ್ನು ಕಾಯಿಸಿ. ಬೆಸುಗೆ ತಂತಿಯನ್ನು ಕಬ್ಬಿಣಕ್ಕಲ್ಲ, ಕಾದ ಕೊಳವೆಗೆ ಮುಟ್ಟಿಸಿ.
6. ಪಕ್ಕದ ಹಳೆಯ ಬೆಸುಗೆ ಕರಗದಂತೆ ಅದಕ್ಕೆ ಒದ್ದೆ ಬಟ್ಟೆ ಸುತ್ತಿಡಿ.
7. ಮುಗಿದ ಮೇಲೆ ಅಡುಗೆ ಸೋಡಾ ಕದಡಿದ ನೀರಲ್ಲಿ ತೊಳೆಯಿರಿ. ಇಲ್ಲದಿದ್ದರೆ ಫ್ಲಕ್ಸಿನ ಆಮ್ಲ ಒಳಗೊಳಗೇ ತಿನ್ನುತ್ತದೆ.

ಕಿಟಕಿ ತೆರೆದಿರಲಿ, ಕಣ್ಣಿಗೆ ಕನ್ನಡಕ ಇರಲಿ, ಕೆಲಸವಾದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಕೇಜನ್ನು ಷಾಸಿಗೆ ಆರು ಕಡೆ ಸ್ಕ್ರೂ ಹಾಕಿ ಬಿಗಿಯಿರಿ. ಹಳೆಯ ಪ್ಲಾಸ್ಟಿಕ್ ಮೈ ಕೂರುತ್ತಿದ್ದ ಗೂಟಗಳ ಮೇಲೆ ಸಿಕ್ಕಿಸಿದರೆ ಮೊದಲ ಪಲ್ಟಿಗೇ ಕೇಜ್ ಒಂದು ಕಡೆ, ಕಾರು ಒಂದು ಕಡೆ.

ಐದನೇ ಶುಕ್ರವಾರ: ತೂಕ, ರೇಡಿಯೋ, ಬ್ಯಾಟರಿ

ಕೇಜ್ ಪಲ್ಟಿಯಾದಾಗ ಕಾಯುತ್ತದೆ, ನಿಜ. ಆದರೆ ಅದರ ತೂಕ ಮೇಲಿರುವುದರಿಂದ ಪಲ್ಟಿಯಾಗುವ ಸಾಧ್ಯತೆಯನ್ನೂ ಹೆಚ್ಚಿಸುತ್ತದೆ. ಮಗನಿಗೆ ಇದು ಹೊಸ ವಿಷಯ. ಕಾರನ್ನು ಹಲಗೆಯ ಮೇಲೆ ಅಡ್ಡ ನಿಲ್ಲಿಸಿ, ಹಲಗೆಯ ಒಂದು ಪಕ್ಕ ಎತ್ತುತ್ತಾ ಹೋಗಿ, ಯಾವ ಕೋನದಲ್ಲಿ ಮಗುಚುತ್ತದೆ ನೋಡಿದೆವು. ಜಾರದಂತೆ ಕೆಳಗಿನ ಚಕ್ರಕ್ಕೆ ಒಂದು ಪಟ್ಟಿ ಅಡ್ಡ ಇಟ್ಟಿದ್ದೆವು. ಲೆಕ್ಕವೂ ಸುಲಭ: ಕಾರಿನ ಅರ್ಧ ಅಗಲವನ್ನು ಗುರುತ್ವಕೇಂದ್ರದ ಎತ್ತರದಿಂದ ಭಾಗಿಸಿದರೆ ಆ ಕೋನದ ಟ್ಯಾನ್ ಸಿಗುತ್ತದೆ. ನಮ್ಮ ಕಾರಿನ ಅರ್ಧ ಅಗಲ 110 ಮಿಲಿಮೀಟರ್, ಗುರುತ್ವಕೇಂದ್ರ 80 ಮಿಲಿಮೀಟರ್ ಎತ್ತರದಲ್ಲಿ. ಬರಿ ಕಾರಿಗೆ 54 ಡಿಗ್ರಿ. ಬೆಸುಗೆ ಸೇರಿ 210 ಗ್ರಾಂ ತೂಗಿದ ನಮ್ಮ ಕೇಜ್ ಕೂರಿಸಿದ ಮೇಲೆ 51. ಮಗ ಆರಿಸಿದ್ದ ಉಕ್ಕಿನ ಸಲಾಕೆಯದಾಗಿದ್ದರೆ 49ಕ್ಕೆ ಇಳಿಯುತ್ತಿತ್ತು. ಸ್ಪ್ರಿಂಗ್ ಬಾಗುವುದರಿಂದ ನಿಜದಲ್ಲಿ ಇನ್ನೂ ಒಂದೆರಡು ಡಿಗ್ರಿ ಕಡಿಮೆ.

ಒಣ ಮರಳಿನ ಗುಡ್ಡದ ಕಡಿದಾದ ಮುಖ ಹೆಚ್ಚೆಂದರೆ 34 ಡಿಗ್ರಿ ಇರುತ್ತದೆ, ಅದಕ್ಕಿಂತ ಕಡಿದಾದರೆ ಮರಳೇ ಜಾರುತ್ತದೆ. "ಹಾಗಾದ್ರೆ ಪಲ್ಟಿ ಆಗೋದೇ ಇಲ್ವಲ್ಲ?" ಎಂದಳು ಮಗಳು. ಒಳ್ಳೆಯ ಪ್ರಶ್ನೆ. ನಿಂತ ಗಾಡಿ ಆಗುವುದಿಲ್ಲ. ಇಳಿಜಾರಿನ ನಡುವೆ ಸ್ಟಿಯರಿಂಗ್ ತಿರುಗಿಸಿ ಅಡ್ಡ ಬಿದ್ದರೆ ಕೆಳಗಿನ ಚಕ್ರ ಮರಳಿಗೆ ಹೂತುಕೊಳ್ಳುತ್ತದೆ, ವೇಗ ಮಾತ್ರ ಮುಂದೆ ತಳ್ಳುತ್ತಲೇ ಇರುತ್ತದೆ. ಆಗ ಲೆಕ್ಕ ಕೆಡುತ್ತದೆ. ಗುಡ್ಡ ಇಳಿಯುವಾಗ ಮೂಗು ನೇರ ಕೆಳಕ್ಕೆ ಇರಲಿ ಎಂದು ಇಲ್ಲಿನ ಹಳಬರು ಹೇಳುವುದು ಇದಕ್ಕೇ.

ಲೋಹದ ಪಂಜರ ಕಟ್ಟಿದ ಮೇಲೆ ರೇಡಿಯೋ ಸಂಕೇತವನ್ನೂ ನೋಡಿಕೊಳ್ಳಬೇಕು. 2.4 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 12.5 ಸೆಂಟಿಮೀಟರ್. ಕೊಳವೆಗಳ ನಡುವಿನ ಕಂಡಿಗಳೂ ಹೆಚ್ಚುಕಡಿಮೆ ಅಷ್ಟೇ. ಪೂರ್ತಿ ತಡೆಯದಿದ್ದರೂ ಸಂಕೇತ ಕುಗ್ಗಬಹುದು. ಆಂಟೆನಾ ತಂತಿಯನ್ನು ಪ್ಲಾಸ್ಟಿಕ್ ಕೊಳವೆಯೊಳಗೆ ಹಾಕಿ ಕೇಜಿನಿಂದ ಮೇಲಕ್ಕೆ ತನ್ನಿ. ಓಡಿಸುವ ಮುಂಚೆ ಒಬ್ಬರು ಕಾರು ಎತ್ತಿ ಹಿಡಿದು ದೂರ ನಡೆದು, ಚಕ್ರ ಮಾತು ಕೇಳುತ್ತದೆಯೇ ನೋಡಿ.

ಲಿಥಿಯಂ ಪಾಲಿಮರ್ ಬ್ಯಾಟರಿಗೆ ಪಲ್ಟಿಯಲ್ಲಿ ಏನೂ ಚುಚ್ಚದಂತೆ ಗಟ್ಟಿ ಡಬ್ಬಿಯಲ್ಲಿಟ್ಟು ಪಟ್ಟಿ ಬಿಗಿಯಿರಿ. ತುಂಬಿದಾಗ ಸೆಲ್ಲಿಗೆ 4.2 ವೋಲ್ಟ್, ಎತ್ತಿಡುವಾಗ 3.8. ಚಾರ್ಜ್ ಆಗುವಾಗ ಎದುರಿಗೇ ಇರಿ. ಬೇಸಿಗೆಯಲ್ಲಿ ನಿಲ್ಲಿಸಿದ ಕಾರಿನೊಳಗೆ ಇದನ್ನು ಬಿಟ್ಟು ಹೋಗಲೇಬೇಡಿ. ಹೊರಗೆ 45 ಡಿಗ್ರಿ ಇದ್ದರೆ ಕಾರಿನೊಳಗೆ ಎಷ್ಟಿರುತ್ತದೆ ಎಂದು ನಮಗೆಲ್ಲ ಗೊತ್ತೇ ಇದೆ.

ಆರನೇ ಶುಕ್ರವಾರ: ಮೊಟ್ಟೆಯ ಪರೀಕ್ಷೆ

ಇದು ಮಗಳ ಯೋಜನೆ. "ಒಳಗೆ ಯಾರೂ ಇಲ್ದಿದ್ರೆ ಪಂಜರ ಯಾರಿಗೆ?" ಎಂದು ಕೇಳಿ ಒಂದು ಡಜನ್ ಮೊಟ್ಟೆ ಹಿಡಿದುಕೊಂಡು ಹೊರಟಳು. ಸೀಲೈನ್ ಹತ್ತಿರ ಒಂದು ಸಣ್ಣ ದಿಬ್ಬ ಆರಿಸಿಕೊಂಡೆವು.

ಮೊದಲ ಸಲ ಮೊಟ್ಟೆಯನ್ನು ಸೀಟಿನ ಜಾಗದಲ್ಲಿ ಸುಮ್ಮನೆ ಇಟ್ಟೆವು. ಮಗ ದಿಬ್ಬದ ಅಂಚಿನಲ್ಲಿ ಬೇಕೆಂದೇ ಸ್ಟಿಯರಿಂಗ್ ತಿರುಗಿಸಿದ. ಮೂರು ಪಲ್ಟಿ. ಕೇಜ್ ಒಂದು ಕೂದಲೂ ಬಾಗಲಿಲ್ಲ. ಮೊಟ್ಟೆ ಎರಡು ಮಾರು ದೂರ ಒಡೆದು ಬಿದ್ದಿತ್ತು. ಮಗ ಅದನ್ನೇ ನೋಡುತ್ತಾ ನಿಂತ. ನಮ್ಮ ಕಟ್ಟಡದ ಹುಡುಗನ ಬಗ್ಗಿಯೂ ಹೀಗೇ ನೆಟ್ಟಗಿತ್ತು, ಅವನು ಬೆಲ್ಟ್ ಹಾಕಿರಲಿಲ್ಲ ಎಂಬುದು ಅವನಿಗೆ ಗೊತ್ತಿತ್ತು.

ಎರಡನೇ ಸಲ ಸ್ಪಂಜಿನ ಸೀಟು ಮಾಡಿ ವೆಲ್ಕ್ರೋ ಪಟ್ಟಿಯಿಂದ ನಾಲ್ಕು ಕಡೆ ಬಿಗಿದೆವು. ಅದೇ ದಿಬ್ಬ, ಅದೇ ಪಲ್ಟಿ. ಮೊಟ್ಟೆ ಹಾಗೇ ಇತ್ತು.

ಮೂರನೇ ಸಲ ಪಟ್ಟಿ ಸ್ವಲ್ಪ ಸಡಿಲ ಬಿಟ್ಟು, ಮೊಟ್ಟೆಯನ್ನು ಮೇಲ್ಕೋಲಿನ ಪಕ್ಕಕ್ಕೆ ಎತ್ತರಿಸಿ ಕೂರಿಸಿದೆ. ಒಡೆಯಿತು. ಹೊರಗೆ ಬೀಳಲಿಲ್ಲ, ನಾವೇ ಕಟ್ಟಿದ ಕೊಳವೆಗೆ ಬಡಿದು ಒಡೆಯಿತು. ರ‍್ಯಾಲಿ ಚಾಲಕರಿಗೆ ಹೆಲ್ಮೆಟ್ ಇರುತ್ತದೆ, ಕೊಳವೆಗೆ ಮೆತ್ತೆ ಸುತ್ತಿರುತ್ತದೆ, ಬೆಲ್ಟ್ ಮೈಗೆ ಬಿಗಿದಿರುತ್ತದೆ. ಇವಿಲ್ಲದೆ ಮನೆಮಂದಿ ಕೂರುವ ಕಾರಿಗೆ ಕೇಜ್ ಹಾಕಿಸಿದರೆ ಸಣ್ಣ ಅಪಘಾತದಲ್ಲೂ ಆ ಕಬ್ಬಿಣವೇ ತಲೆಗೆ ವೈರಿ. ನಮ್ಮಲ್ಲಿ ಕೆಲವರು ತಮ್ಮ ಗಾಡಿಗೆ ಕೇಜ್ ಹಾಕಿಸುವ ಯೋಚನೆಯಲ್ಲಿದ್ದೀರೆಂದು ಕೇಳಿದ್ದೇನೆ. ದಯವಿಟ್ಟು ಮೂರನೇ ಮೊಟ್ಟೆಯನ್ನು ನೆನಪಿಡಿ.

ಆಟಿಕೆ ಹೇಳದ ಮಾತು

ವಾಪಸ್ ಬರುವಾಗ ಮಗ, "ಆದ್ರೂ ಅಪ್ಪಾ, ಅಷ್ಟು ಪಲ್ಟಿ ಹೊಡೆದ್ರೂ ನಮ್ ಕೇಜ್ ಬಾಗ್ಲಿಲ್ವಲ್ಲ!" ಎಂದ. ಈ ಪಾಠದಲ್ಲಿ ಅಪಾಯ ಇರುವುದು ಇಲ್ಲೇ.

ನಮ್ಮ ಕಾರನ್ನು ಹತ್ತು ಪಟ್ಟು ಹಿಗ್ಗಿಸಿ ನೋಡಿ. ಉದ್ದ, ಅಗಲ, ಎತ್ತರ ಮೂರೂ ಹತ್ತು ಪಟ್ಟು, ಹಾಗಾಗಿ ತೂಕ ಸಾವಿರ ಪಟ್ಟು. 2.4 ಕಿಲೋದ ಕಾರು 2.4 ಟನ್, ಒಂದು ಲ್ಯಾಂಡ್ ಕ್ರೂಸರಿನಷ್ಟು. ಆದರೆ ತೂಕ ಹೊರುವ ಕೊಳವೆಯ ಅಡ್ಡಕೊಯ್ತ ನೂರು ಪಟ್ಟು ಮಾತ್ರ. ಅಂದರೆ ದೊಡ್ಡ ಕೇಜಿನ ಒಂದೊಂದು ಮಿಲಿಮೀಟರೂ ಹತ್ತು ಪಟ್ಟು ಭಾರ ಹೊರಬೇಕು. ಪಲ್ಟಿಯಲ್ಲಿ ಬೀಳುವ ಎತ್ತರವೂ ಹಾಗೆಯೇ. ಇದು ಒಂದು ಗೇಣಿನಷ್ಟು ಬಿದ್ದರೆ ಅದು ಎರಡು ಮೀಟರ್ ಬೀಳುತ್ತದೆ. ಇರುವೆ ತೆಂಗಿನಮರದಿಂದ ಬಿದ್ದರೂ ಎದ್ದು ನಡೆಯುತ್ತದೆ, ಮನುಷ್ಯ ಬಿದ್ದರೆ ನಡೆಯುವುದಿಲ್ಲ. ಆಟಿಕೆ ತೋರಿಸಿದ ಬಲವನ್ನು ನಿಜ ಗಾಡಿಯಿಂದ ನಿರೀಕ್ಷಿಸಬಾರದು. ಆದರೆ ಆಟಿಕೆ ತೋರಿಸಿದ ದೌರ್ಬಲ್ಯ ನಿಜ ಗಾಡಿಯಲ್ಲೂ ಖಂಡಿತ ಇರುತ್ತದೆ.

ಮಗ ಏನೂ ಹೇಳಲಿಲ್ಲ. ನಾನೂ ಕೆದಕಲಿಲ್ಲ.

ಎರಡು ವಾರದ ನಂತರ ಅವನ ಸ್ನೇಹಿತರ ಫೋನ್ ಬಂತು, ಬಗ್ಗಿ ಗೊತ್ತಾಗಿದೆ, ಬಾ ಎಂದು. ನಾನು ಪೇಪರ್ ಓದುವವನ ಹಾಗೆ ಕೂತಿದ್ದೆ. "ಬೆಲ್ಟ್ ಎಲ್ಲಾ ಸೀಟಿಗೂ ಇದ್ಯಾ? ಹೆಲ್ಮೆಟ್ ಎಷ್ಟಿದೆ?" ಎಂದು ಕೇಳಿದ. ಆ ಕಡೆಯಿಂದ ನಗು ಕೇಳಿಸಿತು. "ಹಾಗಾದ್ರೆ ನಾ ಬರಲ್ಲ ಕಣೋ. ನೀವೂ ಹೋಗ್ಬೇಡಿ, ನಮ್ಮನೇಗೆ ಬನ್ನಿ, ಒಂದು ತೋರಿಸ್ತೀನಿ" ಎಂದ. ಆ ಸಂಜೆ ನಾಲ್ಕು ಹುಡುಗರು ಬಂದರು. ಭುಜಕ್ಕೆ ಪಟ್ಟಿ ಕಟ್ಟಿಕೊಂಡಿದ್ದ ಕಟ್ಟಡದ ಹುಡುಗನೂ ಬಂದ. ರಿಮೋಟನ್ನು ಮೊದಲು ಅವನ ಕೈಗೇ ಕೊಟ್ಟರು.

ಸಂಘದ ಮುಂದಿನ ಪಿಕ್ನಿಕ್ಕಿಗೆ ಕಾರು ನಾವು ತರುತ್ತೇವೆ. ಮೊಟ್ಟೆ ನೀವು ತನ್ನಿ. ಲಟ್ಟಣಿಗೆ ವಾಪಸ್ ಹೋಗಿದೆ, ಚಪಾತಿಯೂ ಇರುತ್ತದೆ.

ನಿಮ್ಮವ,
ಸಂಘದ ಒಬ್ಬ ಸದಸ್ಯ, ದೋಹಾ